ಗಡ್ಡೆಯನ್ನಷ್ಟೇ ತೆಗೆಸುವುದೋ, ಇಡೀ ಸ್ತನವನ್ನೋ: ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ

"ಎರಡೂ ಮಾಡಬಹುದು, ನಿಮಗೆ ಯಾವುದು ಸರಿಯೆನಿಸುತ್ತದೆ ಹೇಳಿ" ಎಂದು ಶಸ್ತ್ರವೈದ್ಯರು ಹೇಳಿದಾಗ ನಾವೆಲ್ಲ ಗಲಿಬಿಲಿಗೊಂಡೆವು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಹೋದ ನನ್ನ ಅಕ್ಕನಿಗೆ ಆಗ 52 ವರ್ಷ. ಎಡಸ್ತನದಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆಯಿತ್ತು, ಅದು ಕ್ಯಾನ್ಸರೇ ಎಂದು ಬಯಾಪ್ಸಿಯಲ್ಲಿ ಖಚಿತವಾಗಿತ್ತು. ಇಂಥದ್ದನ್ನೇ ಮಾಡಬೇಕು ಎಂದು ಹೇಳಬೇಕಾದವರು ನಮ್ಮನ್ನೇ ಕೇಳುತ್ತಾರಲ್ಲ, ಇವರಿಗೇ ಖಾತ್ರಿಯಿಲ್ಲವೇ ಎಂದು ಭಾವ ಹೊರಗೆ ಬಂದು ಗೊಣಗಿದರು. ಊರು ತಲುಪುವಷ್ಟರಲ್ಲಿ ಮನೆಯ ಗಂಡಸರು ತೀರ್ಮಾನವನ್ನೂ ಮಾಡಿಯಾಗಿತ್ತು: ಪೂರ್ತಿ ತೆಗೆಸಿಬಿಡೋಣ, ಜೀವ ಉಳಿದರೆ ಸಾಕು. ಆ ಮಾತಿನ ಹಿಂದೆ ಇದ್ದದ್ದು ಪ್ರೀತಿಯೇ; ಆದರೆ ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಬದುಕು ಎಂಬ ತಪ್ಪು ಲೆಕ್ಕವೂ ಅದರಲ್ಲಿ ಸೇರಿಕೊಂಡಿತ್ತು. ವೈದ್ಯರು ಆಯ್ಕೆಯನ್ನು ರೋಗಿಗೆ ಬಿಟ್ಟದ್ದು ಅವರಿಗೆ ತಿಳಿಯದೆ ಅಲ್ಲ, ಅಕ್ಕನ ಹಂತದಲ್ಲಿ ಎರಡೂ ದಾರಿಗಳು ಜೀವದ ಮಟ್ಟಿಗೆ ಸಮವಾಗಿದ್ದವು ಎಂಬ ಕಾರಣಕ್ಕೆ ಎಂಬುದು ನನಗೆ ಅರ್ಥವಾದದ್ದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ.

ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ಹಾಲ್‌ಸ್ಟೆಡ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯಲ್ಲಿ ಸ್ತನವನ್ನಷ್ಟೇ ಅಲ್ಲ, ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಕ್ಯಾನ್ಸರ್ ಒಂದು ಬಿಂದುವಿನಿಂದ ಸುತ್ತಲಿಗೆ ಹಂತಹಂತವಾಗಿ ಹಬ್ಬುತ್ತದೆ, ಆದ್ದರಿಂದ ಅಗಲವಾಗಿ ಕತ್ತರಿಸಿದರೆ ಅದನ್ನು ಹಿಂದೆ ಹಾಕಬಹುದು ಎಂಬ ನಂಬಿಕೆ ಮುಕ್ಕಾಲು ಶತಮಾನ ನಡೆಯಿತು. ಅದನ್ನು ಒರೆಗೆ ಹಚ್ಚಿದ ಎರಡು ದೊಡ್ಡ ಪ್ರಯೋಗಗಳ ಇಪ್ಪತ್ತು ವರ್ಷಗಳ ಫಲಿತಾಂಶ ಹೊರಬಂದದ್ದು 2002ರಲ್ಲಿ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 1,851 ಮಹಿಳೆಯರನ್ನು, ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ನಡೆಸಿದ ಅಧ್ಯಯನದಲ್ಲಿ 701 ಮಹಿಳೆಯರನ್ನು ಅಷ್ಟು ಕಾಲ ಹಿಂಬಾಲಿಸಿ ನೋಡಿದರು. ಇಡೀ ಸ್ತನ ತೆಗೆಸಿಕೊಂಡವರೂ, ಗಡ್ಡೆಯನ್ನೂ ಅದರ ಸುತ್ತಲ ಭಾಗವನ್ನೂ ಮಾತ್ರ ತೆಗೆಸಿ ರೇಡಿಯೇಷನ್ ಪಡೆದವರೂ ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಕಂಡದ್ದು ಬೇರೆ ಕಡೆ, ಮತ್ತು ಅದನ್ನು ಮುಚ್ಚಿಡಬಾರದು. ಸ್ತನ ಉಳಿಸಿಕೊಂಡವರಲ್ಲಿ ಅದೇ ಜಾಗದಲ್ಲಿ ರೋಗ ಮತ್ತೆ ತಲೆಯೆತ್ತುವ ಸಂಭವ ಹೆಚ್ಚು. ಮಿಲಾನ್‌ನಲ್ಲಿ ಇದು ಇಪ್ಪತ್ತು ವರ್ಷಗಳಲ್ಲಿ ನೂರಕ್ಕೆ 8.8 ಇದ್ದರೆ, ಪೂರ್ತಿ ತೆಗೆಸಿಕೊಂಡವರಲ್ಲಿ 2.3 ಇತ್ತು. ಅಮೆರಿಕದ ಅಧ್ಯಯನದಲ್ಲಿ ಗಡ್ಡೆ ತೆಗೆದು ರೇಡಿಯೇಷನ್ ಕೊಟ್ಟವರಲ್ಲಿ 14.3, ರೇಡಿಯೇಷನ್ ಕೊಡದೆ ಬಿಟ್ಟವರಲ್ಲಿ 39.2. ಈ ಕೊನೆಯ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಸ್ತನ ಉಳಿಸಿಕೊಳ್ಳುವುದೆಂದರೆ ರೇಡಿಯೇಷನ್‌ಗೂ ಒಪ್ಪಿಕೊಂಡಂತೆ. ಕೆಲವು ವಯಸ್ಸಾದ, ಕಡಿಮೆ ಅಪಾಯದ ರೋಗಿಗಳಲ್ಲಿ ಮಾತ್ರ ವೈದ್ಯರು ಅದನ್ನು ಬಿಡುವ ಬಗ್ಗೆ ಯೋಚಿಸುತ್ತಾರೆ. ಅದೇ ಸ್ತನದಲ್ಲಿ ಗಡ್ಡೆ ಮರಳಿ ಬಂದರೆ ಆಗ ಇಡೀ ಸ್ತನ ತೆಗೆಸಬೇಕಾಗುವುದು ಸಾಮಾನ್ಯ. ಇಂದಿನ ಔಷಧಿಗಳಿಂದಾಗಿ ಈ ಮರುಕಳಿಕೆ ಆ ಕಾಲಕ್ಕಿಂತ ಬಹಳ ಕಡಿಮೆಯಾಗಿದೆ.

ಪೂರ್ತಿ ತೆಗೆಸುವುದರಿಂದ ಆಗದೇ ಇರುವ ಕೆಲಸಗಳೂ ಇವೆ. ರೋಗದ ಕಣಗಳು ಆಗಲೇ ರಕ್ತದಲ್ಲಿ ಸೇರಿ ಮೂಳೆ, ಯಕೃತ್ತು, ಶ್ವಾಸಕೋಶಗಳಲ್ಲಿ ನೆಲೆ ಹುಡುಕುತ್ತಿದ್ದರೆ ಕತ್ತಿ ಅಲ್ಲಿಗೆ ತಲುಪುವುದಿಲ್ಲ. ಕೀಮೋ, ಹಾರ್ಮೋನಿನ ಮಾತ್ರೆ, ಕೆಲವು ಗಡ್ಡೆಗಳಲ್ಲಿ ಅತಿಯಾಗಿರುವ ಹರ್-2 ಎಂಬ ಪ್ರೋಟೀನಿನ ವಿರುದ್ಧದ ಚುಚ್ಚುಮದ್ದು ಇವೆಲ್ಲ ಇರುವುದು ಅದಕ್ಕಾಗಿಯೇ. ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ಗಡ್ಡೆಯ ಸ್ವಭಾವ ಮತ್ತು ಹಂತ ನಿರ್ಧರಿಸುತ್ತವೆಯೇ ಹೊರತು ಎಷ್ಟು ಕತ್ತರಿಸಿದರು ಎಂಬುದಲ್ಲ. "ಪೂರ್ತಿ ತೆಗೆಸಿದರೆ ಕೀಮೋ ತಪ್ಪುತ್ತದಂತೆ" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಅದೆಷ್ಟು ಸಲ ಕೇಳಿದ್ದೇನೋ.

ಆಯ್ಕೆಯೇ ಇಲ್ಲದ ಸಂದರ್ಭಗಳೂ ಉಂಟು. ಒಂದೇ ಸ್ತನದ ಬೇರೆಬೇರೆ ಮೂಲೆಗಳಲ್ಲಿ ಗಡ್ಡೆಗಳಿದ್ದು ಅವನ್ನು ಒಂದೇ ಗಾಯದಲ್ಲಿ ತೆಗೆಯಲಾಗದಿದ್ದರೆ, ಮ್ಯಾಮೊಗ್ರಾಂನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಸಂಶಯದ ಸುಣ್ಣದ ಕಣಗಳು ಸ್ತನವಿಡೀ ಚೆಲ್ಲಿಕೊಂಡಿದ್ದರೆ, ಎದೆಗೆ ಮೊದಲೇ ರೇಡಿಯೇಷನ್ ಆಗಿದ್ದರೆ, ಸ್ತನವೆಲ್ಲ ಕೆಂಪಾಗಿ ಊದಿಕೊಂಡು ಚರ್ಮ ಕಿತ್ತಳೆ ಸಿಪ್ಪೆಯಂತಾಗುವ ಉರಿಯೂತದ ಕ್ಯಾನ್ಸರ್ ಆಗಿದ್ದರೆ, ಪೂರ್ತಿ ತೆಗೆಸುವುದೇ ದಾರಿ. ಗಡ್ಡೆ ದೊಡ್ಡದು, ಸ್ತನ ಚಿಕ್ಕದು ಎಂಬುದು ಮಾತ್ರ ಕಾರಣವಾಗಿದ್ದರೆ ಮಧ್ಯದ ಒಂದು ದಾರಿಯಿದೆ: ಮೊದಲು ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಉಳಿದದ್ದನ್ನಷ್ಟೇ ತೆಗೆಯುವುದು. ಇದನ್ನು ಆರಿಸಿಕೊಳ್ಳುವವರು ಕೀಮೋ ಆರಂಭಿಸುವ ಮುನ್ನವೇ ಗಡ್ಡೆಯೊಳಗೆ ಸಣ್ಣ ಲೋಹದ ಕ್ಲಿಪ್ ಹಾಕಿಸಲು ಮರೆಯಬಾರದು, ಏಕೆಂದರೆ ಔಷಧ ಚೆನ್ನಾಗಿ ಕೆಲಸ ಮಾಡಿ ಗಡ್ಡೆ ಕರಗಿಹೋದರೆ ಎಲ್ಲಿ ಕತ್ತರಿಸಬೇಕು ಎಂದು ಶಸ್ತ್ರವೈದ್ಯರಿಗೆ ತೋರಿಸಲು ಬೇರೆ ಗುರುತು ಇರುವುದಿಲ್ಲ. ಬಯಾಪ್ಸಿಯ ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂದು ಸುಮ್ಮನೆ ಹೆದರಿಸುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಅದನ್ನು ನಂಬಿ ಸೂಜಿಯ ಬಯಾಪ್ಸಿ ಇಲ್ಲದೆ, ಹಾರ್ಮೋನು ಮತ್ತು ಹರ್-2 ಪರೀಕ್ಷೆಗಳ ವರದಿ ಕೈಗೆ ಬಾರದೆ, ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋದವರು ಈ ಮಧ್ಯದ ದಾರಿಯನ್ನು ಗೊತ್ತಿಲ್ಲದೆಯೇ ಕಳೆದುಕೊಂಡಿರುತ್ತಾರೆ.

ರೋಗ ಆಗಲೇ ಮೂಳೆಗೋ ಯಕೃತ್ತಿಗೋ ಹರಡಿದ ನಾಲ್ಕನೆಯ ಹಂತದಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇಂತಹ 350 ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಆ ಹಂತದಲ್ಲಿ ಸ್ತನದ ಗಡ್ಡೆಯನ್ನು ತೆಗೆಯುವುದರಿಂದ ಆಯಸ್ಸು ಹೆಚ್ಚುವುದಿಲ್ಲ ಎಂದು ತೋರಿಸಿತು. ಹುಣ್ಣಾಗಿ ಸೋರುತ್ತಿದ್ದರೆ, ರಕ್ತ ಬರುತ್ತಿದ್ದರೆ ನೆಮ್ಮದಿಗಾಗಿ ತೆಗೆಯುತ್ತಾರೆ, ಅದು ಬೇರೆ ಮಾತು.

ಕರೆಂಟಿನ ದಿನಗಳು

ಎರಡೂ ದಾರಿ ತೆರೆದಿರುವವರಿಗೆ ತಕ್ಕಡಿಯಲ್ಲಿ ಹೆಚ್ಚು ತೂಗುವುದು ರೇಡಿಯೇಷನ್, ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ ಕರೆಂಟು. ಹಿಂದೆ ವಾರಕ್ಕೆ ಐದು ದಿನದಂತೆ ಐದು ವಾರ, ಅಂದರೆ 25 ಸಲ ಕೊಡುತ್ತಿದ್ದರು. ಈಗ ಮೂರು ವಾರಗಳಲ್ಲಿ 15 ಸಲ ಕೊಡುವುದು ರೂಢಿಯಾಗಿದೆ. ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದ ನಂತರ ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲ ಕೊಟ್ಟು ಮುಗಿಸುವುದೂ ಇದೆ. ಒಂದೊಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ, ನೋವಿಲ್ಲ. ದಣಿವಾಗುತ್ತದೆ, ಚರ್ಮ ಕಪ್ಪಾಗುತ್ತದೆ, ಕೆಲವರಿಗೆ ಸುಲಿಯುತ್ತದೆ. ಬೆಂಗಳೂರಿನಲ್ಲಿ ಮನೆಯಿದ್ದವರಿಗೆ ಇದು ದಿನಕ್ಕೆ ಅರ್ಧ ಹೊತ್ತಿನ ಕೆಲಸ. ಲಿಂಗಸುಗೂರಿನಿಂದಲೋ ಹೊಸನಗರದಿಂದಲೋ ಬರುವವರಿಗೆ ಅದು ಮನೆ, ದನಕರು, ಮಕ್ಕಳ ಪರೀಕ್ಷೆ ಎಲ್ಲವನ್ನೂ ಬಿಟ್ಟು ಧರ್ಮಛತ್ರದಲ್ಲೋ ಬಾಡಿಗೆ ಕೋಣೆಯಲ್ಲೋ ಇರಬೇಕಾದ ವಾರಗಳು, ಜೊತೆಗೊಬ್ಬರ ಕೂಲಿಯೂ ಹೋಗುತ್ತದೆ. ಈ ಕಾರಣಕ್ಕೆ ಪೂರ್ತಿ ತೆಗೆಸಿಕೊಳ್ಳುವ ಹೆಂಗಸನ್ನು ತಿಳಿವಳಿಕೆಯಿಲ್ಲದವಳು ಎಂದು ಯಾರೂ ಹೇಳಬಾರದು. ಅದು ಲೆಕ್ಕ ಹಾಕಿ ಮಾಡಿದ ಆಯ್ಕೆ.

ಆದರೆ ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಬಾರದು. ಗಡ್ಡೆ ಐದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಅಥವಾ ಕಂಕುಳಿನ ನಾಲ್ಕು ಇಲ್ಲವೇ ಹೆಚ್ಚು ಗ್ರಂಥಿಗಳಲ್ಲಿ ರೋಗ ಸಿಕ್ಕರೆ, ಪೂರ್ತಿ ತೆಗೆಸಿಕೊಂಡ ಮೇಲೂ ಎದೆಗೂಡಿಗೆ ರೇಡಿಯೇಷನ್ ಬೇಕಾಗುತ್ತದೆ. ಒಂದರಿಂದ ಮೂರು ಗ್ರಂಥಿಗಳಿದ್ದಾಗಲೂ ಅನೇಕ ವೈದ್ಯರು ಕೊಡಿಸಿಕೊಳ್ಳಿ ಎನ್ನುತ್ತಾರೆ. ಅಕ್ಕ ಬೆಂಗಳೂರಿನಲ್ಲಿ ವಾರಗಟ್ಟಲೆ ಇರಲಾರೆ ಎಂಬ ಒಂದೇ ಕಾರಣಕ್ಕೆ ಗಂಡಸರ ತೀರ್ಮಾನಕ್ಕೆ ತಲೆಯಾಡಿಸಿದ್ದಳು. ಶಸ್ತ್ರಚಿಕಿತ್ಸೆಯಾಗಿ ಎರಡು ವಾರಕ್ಕೆ ಬಂದ ವರದಿಯಲ್ಲಿ ನಾಲ್ಕು ಗ್ರಂಥಿಗಳಲ್ಲಿ ರೋಗವಿತ್ತು. ಹೀಗೂ ಆಗಬಹುದು ಎಂಬ ಮಾತನ್ನು ಆ ಆಸ್ಪತ್ರೆಯಲ್ಲಿ ಯಾರೂ ಮೊದಲು ಹೇಳಿರಲಿಲ್ಲ, ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಕೀಮೋ ಮುಗಿದ ಮೇಲೆ ಅವಳು ಮೂರು ವಾರ ಬೆಂಗಳೂರಿನಲ್ಲಿ ಇದ್ದು ಕರೆಂಟು ಕೊಡಿಸಿಕೊಂಡೇ ಬಂದಳು. ಸ್ತನ ಹೋದದ್ದಕ್ಕಿಂತ, ಯಾವುದನ್ನು ತಪ್ಪಿಸಲು ಅದನ್ನು ಬಿಟ್ಟುಕೊಟ್ಟಳೋ ಅದೂ ತಪ್ಪಲಿಲ್ಲವಲ್ಲ ಎಂಬುದೇ ಅವಳಿಗೆ ಇಂದಿಗೂ ಇರುವ ಕೊರಗು. ಆದ್ದರಿಂದ ನಿಮ್ಮ ಶಸ್ತ್ರವೈದ್ಯರಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ: ಪೂರ್ತಿ ತೆಗೆಸಿದರೂ ನನಗೆ ರೇಡಿಯೇಷನ್ ಬೇಕಾಗುವ ಸಂಭವ ಎಷ್ಟು?

ಇನ್ನೊಂದು ಕಡೆಯ ಅನಿಶ್ಚಿತತೆಯನ್ನೂ ಹೇಳಿಬಿಡಬೇಕು. ಗಡ್ಡೆಯನ್ನಷ್ಟೇ ತೆಗೆದಾಗ ಅದರ ಅಂಚಿಗೆ ಶಾಯಿ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಾಯಿ ಹಚ್ಚಿದ ಅಂಚಿನವರೆಗೂ ರೋಗ ಕಂಡರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಹೋಗಬೇಕು, ಕೆಲವರು ಆಗ ಪೂರ್ತಿ ತೆಗೆಸುವುದಕ್ಕೇ ಒಪ್ಪಬೇಕಾಗುತ್ತದೆ. ಎರಡನೆಯ ಸಲ ಮೇಜಿನ ಮೇಲೆ ಮಲಗುವ ಮಾತೇ ಬೇಡ ಎನ್ನುವವರೂ, ಪ್ರತಿವರ್ಷ ಆ ಸ್ತನದ ಮ್ಯಾಮೊಗ್ರಾಂ ಬಂದಾಗ ನಿದ್ದೆಗೆಡುತ್ತೇನೆ ಎಂದು ಬಲ್ಲವರೂ ಪೂರ್ತಿ ತೆಗೆಸಿ ನಿರಾಳವಾಗುವುದುಂಟು. ಅವರ ಕಾರಣವೂ ನ್ಯಾಯವಾದದ್ದೇ.

ಸ್ತನಕ್ಕಿಂತ ತೋಳಿನ ಬಗ್ಗೆ ಹೆಚ್ಚು ಕೇಳಿ

ನನ್ನ ಅಭಿಪ್ರಾಯದಲ್ಲಿ ನಮ್ಮವರು ಅತಿ ಕಡಿಮೆ ಚರ್ಚಿಸುವ, ಆದರೆ ದಿನನಿತ್ಯದ ಬದುಕಿನಲ್ಲಿ ಅತಿ ಹೆಚ್ಚು ಕಾಡುವ ಆಯ್ಕೆ ಕಂಕುಳಿನದ್ದು. ಸ್ತನ ಉಳಿಸಲಿ, ತೆಗೆಯಲಿ, ಕಂಕುಳಿನ ಗ್ರಂಥಿಗಳಿಗೆ ರೋಗ ತಲುಪಿದೆಯೇ ಎಂದು ನೋಡಲೇಬೇಕು. ಅದಕ್ಕೆ ಎರಡು ವಿಧಾನಗಳಿವೆ. ಒಂದರಲ್ಲಿ ನೀಲಿ ಬಣ್ಣವನ್ನೋ ಅಲ್ಪ ವಿಕಿರಣದ ದ್ರವವನ್ನೋ ಸ್ತನಕ್ಕೆ ಚುಚ್ಚಿ, ಅದು ಮೊದಲು ಹೋಗಿ ಸೇರುವ ಒಂದೆರಡು ಕಾವಲು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಇನ್ನೊಂದರಲ್ಲಿ ಕಂಕುಳಿನ ಗ್ರಂಥಿಗಳನ್ನೆಲ್ಲ ಹತ್ತಿಪ್ಪತ್ತರ ಸಂಖ್ಯೆಯಲ್ಲಿ ತೆಗೆಯುತ್ತಾರೆ. ಸ್ತನವನ್ನೂ ಇವನ್ನೂ ಒಟ್ಟಿಗೆ ತೆಗೆಯುವುದಕ್ಕೇ ಆಸ್ಪತ್ರೆಗಳಲ್ಲಿ ಎಂ.ಆರ್.ಎಂ. ಎನ್ನುವುದು. ತೋಳಿನ ನೀರು ಹಿಂದಿರುಗುವ ದಾರಿ ಇದೇ ಗ್ರಂಥಿಗಳ ಮೂಲಕ ಇರುವುದರಿಂದ, ಎಲ್ಲವನ್ನೂ ತೆಗೆಸಿಕೊಂಡವರಲ್ಲಿ ಐದರಲ್ಲಿ ಒಬ್ಬರಿಗೆ ತೋಳು ಊದಿಕೊಳ್ಳುತ್ತದೆ. ಕಾವಲು ಗ್ರಂಥಿಗಳನ್ನಷ್ಟೇ ತೆಗೆಸಿಕೊಂಡವರಲ್ಲಿ ಇದು ನೂರಕ್ಕೆ ಐದಾರು ಮಂದಿಗೆ. ಮೇಲಿಂದ ನೋಡಿದರೆ ಕಂಕುಳು ಸರಿಯಿದ್ದು ಕೈಗೆ ಯಾವ ಗಂಟೂ ಸಿಗದಿದ್ದರೆ ಕಾವಲು ಗ್ರಂಥಿಯ ಪರೀಕ್ಷೆಯನ್ನು ಕೇಳಿ ಪಡೆಯಬೇಕು. ಆ ಸೌಲಭ್ಯ ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಇರುವ ಕಡೆಗೆ ಹೋಗುವುದು ಪ್ರಯಾಸಕ್ಕೆ ತಕ್ಕದ್ದು. ಸ್ತನ ಉಳಿಸಿಕೊಂಡು ರೇಡಿಯೇಷನ್ ಪಡೆಯುವವರಲ್ಲಿ ಒಂದೆರಡು ಕಾವಲು ಗ್ರಂಥಿಗಳಲ್ಲಿ ರೋಗ ಕಂಡರೂ ಉಳಿದವನ್ನೆಲ್ಲ ತೆಗೆಯದೆ ಬಿಡಬಹುದು ಎಂಬುದಕ್ಕೂ ಈಗ ಗಟ್ಟಿಯಾದ ಆಧಾರವಿದೆ. ಇದು ಆ ದಾರಿಯ ಪರವಾಗಿ ಬೀಳುವ, ಬಹುತೇಕರು ಲೆಕ್ಕಕ್ಕೆ ಹಿಡಿಯದ ತೂಕ.

ತೋಳಿನ ಊತದ ಮೊದಲ ಗುರುತನ್ನು ನಮ್ಮ ಹೆಂಗಸರಿಗೆ ಹೇಳಿಕೊಡುವುದು ಸುಲಭ: ಆ ಕೈಗೆ ಬಳೆ ಏರುವುದಿಲ್ಲ, ರವಿಕೆಯ ತೋಳು ಬಿಗಿಯುತ್ತದೆ. ಆಗಲೇ ಫಿಸಿಯೋಥೆರಪಿಸ್ಟರ ಬಳಿಗೆ ಹೋದರೆ ಒತ್ತಡದ ಪಟ್ಟಿ, ತೋಳಿಗೆ ಬಿಗಿಯಾಗಿ ತೊಡುವ ಚೀಲ, ನೀವುವ ಕ್ರಮ ಇವುಗಳಿಂದ ಹಿಡಿತಕ್ಕೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೈ ಗಟ್ಟಿಯಾಗಿ ಮೊದಲಿನಂತೆ ಆಗುವುದು ಕಷ್ಟ. ಆ ಕೈಗೆ ಆಗುವ ಸಣ್ಣ ಗಾಯವೂ ಸೋಂಕಿಗೆ ದಾರಿಯಾಗಬಹುದು. ಅಕ್ಕನ ಮನೆಯಲ್ಲಿ ಕೊಯ್ಲಿನ ಕಾಲಕ್ಕೆ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರೇ, ಬೆರಳು ಕೊಯ್ದುಕೊಳ್ಳದೆ ಹಂಗಾಮು ಕಳೆದ ವರ್ಷವೇ ಇಲ್ಲ. ಅವಳೀಗ ಎಡಗೈಗೆ ದಪ್ಪ ಗವಸು ಹಾಕಿಕೊಂಡು, ಗಾಯವಾದರೆ ತೊಳೆದು ಔಷಧ ಹಚ್ಚಿ, ಕೆಂಪಾಗಿ ಬಿಸಿಯೇರಿದರೆ ಅದೇ ದಿನ ಆಸ್ಪತ್ರೆಗೆ ಹೋಗುತ್ತಾಳೆ. ಇನ್ನು ಮೇಲೆ ಆ ಕೈಯಲ್ಲಿ ಕೆಲಸವನ್ನೇ ಮಾಡಬೇಡ ಎಂದು ಮನೆಯವರು ಹೇಳುವುದು ಪ್ರೀತಿಯಿಂದಲೇ ಆದರೂ ತಪ್ಪು. ಕ್ರಮೇಣ ಬಳಸಿದ ಕೈ ಬಳಸದ ಕೈಗಿಂತ ಚೆನ್ನಾಗಿರುತ್ತದೆ.

ಎದೆಯ ರೂಪದ ಪ್ರಶ್ನೆ

ಪೂರ್ತಿ ತೆಗೆಸುವುದೆಂದು ನಿಶ್ಚಯವಾದ ಮೇಲೆ ಮತ್ತೊಂದು ಆಯ್ಕೆ ಎದುರಾಗುತ್ತದೆ: ಎದೆಯನ್ನು ಸಪಾಟಾಗಿಯೇ ಬಿಡುವುದೋ, ಹೊಸದಾಗಿ ಸ್ತನದ ಆಕಾರ ಕಟ್ಟಿಸುವುದೋ. ಕಟ್ಟಿಸುವವರು ಒಳಗೆ ಸಿಲಿಕೋನ್ ಇಡಿಸಬಹುದು, ಅಥವಾ ಬೆನ್ನಿನ ಇಲ್ಲವೇ ಹೊಟ್ಟೆಯ ಕೆಳಭಾಗದ ಸ್ವಂತ ಮಾಂಸವನ್ನು ತಂದು ಜೋಡಿಸಬಹುದು. ಸಿಲಿಕೋನಿನದು ಚಿಕ್ಕ ಶಸ್ತ್ರಚಿಕಿತ್ಸೆ, ಬೇಗ ಚೇತರಿಕೆ. ಆದರೆ ಅದು ಜೀವಮಾನವಿಡೀ ಬಾಳುವಂಥದ್ದಲ್ಲ, ಮತ್ತು ಆಮೇಲೆ ರೇಡಿಯೇಷನ್ ಬಿದ್ದರೆ ಸುತ್ತಲಿನ ಪೊರೆ ಬಿಗಿದು ಗಟ್ಟಿಯಾಗಿ ಆಕಾರ ಕೆಡುವ ಸಾಧ್ಯತೆ ಹೆಚ್ಚು. ಸ್ವಂತ ಮಾಂಸದ್ದು ಮುಟ್ಟಿದರೆ ಮೃದು, ಮೈಯೊಂದಿಗೆ ಹೆಚ್ಚುಕಡಿಮೆಯಾಗುತ್ತ ಬಾಳುತ್ತದೆ, ರೇಡಿಯೇಷನ್‌ಗೂ ಹೆಚ್ಚು ತಾಳಿಕೊಳ್ಳುತ್ತದೆ; ಅದಕ್ಕೆ ಬಹಳ ಗಂಟೆಗಳ ಶಸ್ತ್ರಚಿಕಿತ್ಸೆ, ಸೂಕ್ಷ್ಮ ರಕ್ತನಾಳಗಳನ್ನು ಹೊಲಿಯಬಲ್ಲ ಪ್ಲಾಸ್ಟಿಕ್ ಸರ್ಜನ್, ಹೊಟ್ಟೆಯ ಮೇಲೆ ಇನ್ನೊಂದು ಉದ್ದನೆಯ ಗಾಯ ಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರೂ ಹೊಗೆಸೊಪ್ಪು, ಬೀಡಿ ಬಿಡದವರೂ ಇವೆರಡರಲ್ಲೂ ಗಾಯ ಮಾಯದೆ ಪೇಚಾಡುತ್ತಾರೆ. ಅದೇ ದಿನ ಕಟ್ಟಿಸಬೇಕೆಂದಿಲ್ಲ. ರೇಡಿಯೇಷನ್ ಆಗಬಹುದು ಎಂಬ ಸಂಶಯವಿದ್ದರೆ ಎಲ್ಲ ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ ಯೋಚಿಸುವುದು ಮೇಲು ಎಂದು ನನಗನ್ನಿಸುತ್ತದೆ. ಕಟ್ಟಿದ ಸ್ತನದಲ್ಲಿ ಮೊದಲಿನ ಸ್ಪರ್ಶಜ್ಞಾನ ಇರುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

"ವಯಸ್ಸಾಯಿತಲ್ಲ, ಇನ್ನು ಅದೆಲ್ಲ ಯಾಕೆ" ಎಂಬ ಮಾತನ್ನು ಐವತ್ತು ದಾಟಿದ ಪ್ರತಿಯೊಬ್ಬರೂ ಕೇಳುತ್ತಾರೆ. ಯಾಕೆ ಬೇಕು, ಯಾಕೆ ಬೇಡ ಎಂದು ಹೇಳುವ ಹಕ್ಕು ಆ ಮೈಯಲ್ಲಿ ಬದುಕುವವಳದ್ದು. ಸಪಾಟಾಗಿ ಬಿಡುವುದೂ ಪೂರ್ಣವಾದ ಆಯ್ಕೆಯೇ. ಹಾಗೆ ಬಿಡುವುದಾದರೆ ಚರ್ಮ ಜೋತು ಮಡಿಕೆಯಾಗದಂತೆ ಸಮವಾಗಿ ಹೊಲಿಯಿರಿ ಎಂದು ಮೊದಲೇ ಹೇಳಿಡಬೇಕು. ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಸ್ತನ ತೂಕದಲ್ಲಿ ಇನ್ನೊಂದಕ್ಕೆ ಸರಿಹೊಂದುವುದರಿಂದ ಭುಜ ಒಂದು ಕಡೆಗೆ ವಾಲುವುದಿಲ್ಲ, ಆದರೆ ಬೇಸಿಗೆಯಲ್ಲಿ ಬೆವರುತ್ತದೆ. ಹತ್ತಿ ನೂಲಿನಲ್ಲಿ ಹೆಣೆದವು ಹಗುರ, ಒಗೆಯಬಹುದು, ಮನೆಯಲ್ಲಿ ಓಡಾಡಲು ಸಾಕು.

ಹುಷಾರಾಗಿರಲಿ ಎಂದು ಇನ್ನೊಂದು ಸ್ತನವನ್ನೂ ತೆಗೆಸಿಬಿಡುವ ಮಾತನ್ನು ಇತ್ತೀಚೆಗೆ ಕೇಳುತ್ತೇವೆ. ಸ್ತನ ಕ್ಯಾನ್ಸರಿನ ಅಪಾಯವನ್ನು ಬಹಳ ಹೆಚ್ಚಿಸುವ ದೋಷ ಬಿ.ಆರ್.ಸಿ.ಎ. ಎಂಬ ವಂಶವಾಹಿಯಲ್ಲಿದ್ದ ನಟಿ ಆಂಜೆಲಿನಾ ಜೋಲಿ ರೋಗ ಬರುವ ಮೊದಲೇ ಎರಡನ್ನೂ ತೆಗೆಸಿಕೊಂಡದ್ದನ್ನು 2013ರಲ್ಲಿ ಹೇಳಿಕೊಂಡ ಮೇಲೆ ಇದು ಹೆಚ್ಚಾಯಿತು. ಅಂಥ ದೋಷ ಇರುವವರ ಮಾತು ಬೇರೆ. ಅದಿಲ್ಲದವರಲ್ಲಿ ಆರೋಗ್ಯವಾಗಿರುವ ಸ್ತನವನ್ನು ತೆಗೆಸುವುದರಿಂದ ಆಯಸ್ಸು ಹೆಚ್ಚುವುದಿಲ್ಲ, ಗಾಯ ಮತ್ತು ತೊಡಕು ಎರಡರಷ್ಟಾಗುತ್ತವೆ. ಚಿಕ್ಕ ವಯಸ್ಸಿನಲ್ಲಿ ರೋಗ ಬಂದವರು, ತಾಯಿ, ಚಿಕ್ಕಮ್ಮ, ಅಕ್ಕತಂಗಿಯರಲ್ಲಿ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು ಮೊದಲು ವಂಶವಾಹಿ ಪರೀಕ್ಷೆ ಮಾಡಿಸಿ ಆಮೇಲೆ ತೀರ್ಮಾನಿಸಬೇಕು.

ಸಮಯ, ಹಣ, ಮತ್ತು ಆ ಹದಿನೈದು ದಿನಗಳು

ಇಷ್ಟನ್ನೆಲ್ಲ ಯೋಚಿಸಲು ಸಮಯವಿದೆಯೇ ಎಂದರೆ, ಇದೆ. ವರದಿ ಬಂದ ಮರುದಿನವೇ ಮೇಜಿಗೆ ಏರಬೇಕಾದ ರೋಗ ಇದಲ್ಲ. ಎರಡನೆಯ ವೈದ್ಯರ ಅಭಿಪ್ರಾಯಕ್ಕೆಂದು ಒಂದೆರಡು ವಾರ ತೆಗೆದುಕೊಂಡರೆ ನಷ್ಟವಿಲ್ಲ. ತಿಂಗಳುಗಳನ್ನು ಕಳೆಯುವುದು, ನಾಟಿ ಔಷಧದಲ್ಲಿ ಗಡ್ಡೆ ಕರಗುತ್ತದೆಂದು ಕಾಯುವುದು ಮಾತ್ರ ಕೈಯಲ್ಲಿದ್ದ ಆಯ್ಕೆಗಳನ್ನೇ ಕಳೆದುಕೊಂಡಂತೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಾಲು ಉದ್ದವಾದರೂ ಶಸ್ತ್ರ, ಕೀಮೋ, ರೇಡಿಯೇಷನ್ ಮೂರೂ ವಿಭಾಗದವರು ಒಂದೇ ಆವರಣದಲ್ಲಿ ಸಿಗುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ, ನೆರವು ಸಿಗುವ ವ್ಯವಸ್ಥೆಯಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗೆಂದೇ ಇರುವ ಆರೋಗ್ಯಮಿತ್ರರನ್ನು ಕಂಡು ಯಾವುದಕ್ಕೆ ಎಷ್ಟು ಎಂದು ಬರೆಸಿಕೊಳ್ಳುವುದು ಒಳ್ಳೆಯದು.

ಪೂರ್ತಿ ತೆಗೆಸುವ ಶಸ್ತ್ರಚಿಕಿತ್ಸೆ ಹೆದರಿದಷ್ಟು ನೋವಿನದ್ದಲ್ಲ. ಬಹುಪಾಲು ಜನ ಮರುದಿನವೇ ಎದ್ದು ಓಡಾಡುತ್ತಾರೆ. ಹೆಚ್ಚು ಕಿರಿಕಿರಿ ಮಾಡುವುದು ಗಾಯದಿಂದ ನೀರು ಹೊರಹೋಗಲು ಹಾಕಿದ ಡ್ರೈನ್ ಕೊಳವೆ. ದಿನಕ್ಕೆ ಎಷ್ಟು ಮಿಲಿಲೀಟರ್ ಬಂತೆಂದು ಬರೆದಿಡಬೇಕು, ಅದು ಇಪ್ಪತ್ತು ಮೂವತ್ತಕ್ಕೆ ಇಳಿದ ಮೇಲೆ ತೆಗೆಯುತ್ತಾರೆ, ಅಷ್ಟರಲ್ಲಿ ಒಂದೆರಡು ವಾರ ಕಳೆದಿರುತ್ತದೆ. ಆ ದಿನಗಳಿಗೆ ಮುಂದೆ ಗುಂಡಿಯಿರುವ ಸಡಿಲ ನೈಟಿ, ಡ್ರೈನ್ ಡಬ್ಬಿಯನ್ನು ಕೊರಳಿಗೆ ತೂಗಿಕೊಳ್ಳಲು ಬಟ್ಟೆಯ ಚೀಲ ಇರಲಿ. ಕೊಳವೆ ತೆಗೆದ ಮೇಲೂ ನೀರು ತುಂಬಿಕೊಂಡರೆ ಸೂಜಿಯಿಂದ ತೆಗೆಸಿಕೊಳ್ಳಬಹುದು, ಗಾಬರಿ ಬೇಡ. ಒಳತೋಳು ಜೋಮು ಹಿಡಿದಂತಿರುವುದು, ಇಲ್ಲದ ಸ್ತನ ತುರಿಸಿದಂತಾಗುವುದು ಎರಡೂ ಸಾಮಾನ್ಯ. ಕೈಯನ್ನು ಗೋಡೆಯ ಮೇಲೆ ಬೆರಳಿನಿಂದ ಬೆರಳಿಗೆ ಏರಿಸುವ ವ್ಯಾಯಾಮವನ್ನು ವೈದ್ಯರು ಹೇಳಿದ ದಿನದಿಂದಲೇ ಆರಂಭಿಸಬೇಕು; ನೋಯುತ್ತದೆಂದು ಬಿಟ್ಟವರಿಗೆ ಭುಜ ಹಿಡಿದುಕೊಂಡು ರವಿಕೆ ತೊಡುವುದೇ ಕಷ್ಟವಾಗುತ್ತದೆ, ರೇಡಿಯೇಷನ್‌ಗೆ ಕೈಯೆತ್ತಿ ಮಲಗಲೂ ಆಗುವುದಿಲ್ಲ.

ಕನ್ನಡಿಯ ಮುಂದೆ ಯಾವಾಗ ನಿಲ್ಲಬೇಕು ಎಂಬುದಕ್ಕೆ ನಿಯಮವಿಲ್ಲ. ಅಕ್ಕ ಹನ್ನೊಂದು ದಿನ ನೋಡಿಕೊಳ್ಳಲಿಲ್ಲ, ಹನ್ನೆರಡನೆಯ ದಿನ ಸ್ನಾನಕ್ಕೆ ನೀರು ಹಾಕಲು ಹೋದ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಭಾವನಿಗೆ ತೋರಿಸಿದ್ದು ಅದಕ್ಕೂ ಎಷ್ಟೋ ದಿನಗಳ ಮೇಲೆ. ಕೊಪ್ಪದಲ್ಲಿ ಅವಳ ರವಿಕೆ ಹೊಲಿಯುವಾಕೆಗೆ ಏನನ್ನೂ ವಿವರಿಸಬೇಕಾಗಿ ಬರಲಿಲ್ಲ. ಅಳತೆ ತೆಗೆದುಕೊಂಡವಳು ಎಡಗಡೆಗೆ ಮಾತ್ರ ಒಳಗೊಂದು ಪದರ ಕೊಟ್ಟು ಜೇಬು ಹೊಲಿದು, ಅದರ ಬಾಯಿಗೆ ಎರಡು ಒತ್ತುಗುಂಡಿ ಹಾಕಿ ಕೊಟ್ಟಿದ್ದಳು.